ನೆಲೆ ನಿರಾಕರಿಸುವ ಮಾತುಗಳು

ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ಹೆದ್ದಾರಿಯಲ್ಲಿ, ನೇತ್ರಾವತಿಯ ದಡದಲ್ಲಿ, ಫರಂಗಿಪೇಟೆಯೆಂಬ ಊರಿದೆ. ಫರಂಗಿಯೆಂದರೆ ಕಡಲಾಚೆಯಿಂದ ಬಂದವನು. ಪರದೇಶೀಯರ ಹೆಸರನ್ನೇ ಪೇಟೆಗೆ ಇಟ್ಟುಕೊಂಡ ಈ ಸೀಮೆಯಲ್ಲಿ, ಇಲ್ಲಿಯೇ ಹುಟ್ಟಿದ ಕೊರಗರಿಗೆ ಸ್ವಂತ ನೆಲೆಯಿರಲಿಲ್ಲವೆಂಬುದು ವಿಚಿತ್ರವಾದರೂ ಸತ್ಯ. ಊರ ಹೊರಗೆ ಕಟ್ಟಿಕೊಂಡ ಗುಡಿಸಲು ಅವರದು. ಅಡಿಯ ನೆಲ ಧಣಿಗಳದು. ಏಳೆಂದರೆ ಏಳಬೇಕು. ಅಂದು ನಿರಾಕರಣೆಗೆ ಮುಸುಕಿರಲಿಲ್ಲ. ಜಾತಿಯ ಹೆಸರು ಹೇಳಿಯೇ ದೂರವಿಡುತ್ತಿದ್ದರು.

1897ರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ದಲಿತೋದ್ಧಾರದ ಸಂಸ್ಥೆಯೊಂದನ್ನು ಸ್ಥಾಪಿಸಿ, ಶಾಲೆಯ ಜೊತೆಗೆ ವಸತಿಗೂ ಶ್ರಮಿಸಿದರು. ಸಾರಸ್ವತ ಬ್ರಾಹ್ಮಣರಾದ ಅವರಿಗೆ ಸ್ವಜಾತಿಯವರಿಂದ ದೊರೆತುದು ಬಹಿಷ್ಕಾರ! ಮುಂದೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರರಿಗೆ ಹೊಲವನ್ನು ಕೊಡಿಸಿತೆಂಬುದು ಎಲ್ಲರೂ ಬಲ್ಲ ಸಂಗತಿ. ಪರರ ನೆಲದಲ್ಲಿ ವಾಸವಾಗಿದ್ದ ಕೃಷಿ ಕೂಲಿಕಾರನಿಗೆ ಅವನ ಮನೆಯಡಿಯ ನೆಲವನ್ನೂ ಅದೇ ಕಾನೂನಿನ 38ನೆಯ ಕಲಮು ಕೊಡಿಸಿತೆಂಬುದನ್ನು ನೆನೆಯುವವರು ಕಡಿಮೆ.

ಈಗ ಮುಸುಕು ಬಂದಿದೆ. ನಮ್ಮ ವಾಚಕರಲ್ಲಿ ಅನೇಕರು ಮಠದ ಪ್ರಸಾದನಿಲಯದಲ್ಲಿ ಓದಿ, ನಗರ ಸೇರಿ, ಬಾಡಿಗೆಯ ಕೋಣೆಗಾಗಿ ಅಲೆದವರು. ಇಂದು ಹಲವರು ಸ್ವತಃ ಮನೆಯೊಡೆಯರು. ಹೀಗಾಗಿ ಈ ಲಕ್ಷಣಗಳನ್ನು ಎರಡು ಕಡೆಯಿಂದಲೂ ಬಲ್ಲಿರಿ. ದೂರವಾಣಿಯಲ್ಲಿ ಖಾಲಿಯಿದ್ದ ಮನೆ, ಹೆಸರು ಕೇಳಿದೊಡನೆ ನಿನ್ನೆಯೇ ಕೊಟ್ಟಾಗಿರುತ್ತದೆ. ಮುಂಗಡ ಇಮ್ಮಡಿಯಾಗುತ್ತದೆ. ಊಟದ ಪ್ರಶ್ನೆ ಜಾತಿಯ ಪ್ರಶ್ನೆಯಾಗಿರುತ್ತದೆ. ಈಶಾನ್ಯ ರಾಜ್ಯಗಳ ತರುಣರಿಗೆ ಹೆಸರನ್ನೂ ಕೇಳಬೇಕಾಗಿಲ್ಲ, ಮುಖವೇ ಸಾಕು. 2012ರ ಆಗಸ್ಟ್‌ನಲ್ಲಿ ಸಾವಿರಾರು ಜನ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದುದು ವದಂತಿಯಿಂದ ನಿಜ. ಆದರೆ ಅಂಥ ವದಂತಿಯನ್ನು ನಂಬಿಸಿದ ಪರಕೀಯತೆ ಒಂದೇ ದಿನದಲ್ಲಿ ಹುಟ್ಟಿದುದೇ?

ಒಂದು ನಿರಾಕರಣೆಯಿಂದ ಏನನ್ನೂ ಹೇಳಲಾಗದು. ಎರಡನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದಲ್ಲಿ 1968ರ ವಸತಿ ಕಾನೂನಿನ ನಂತರ ಒಂದೇ ಸಂಪಾದನೆಯ ಬಿಳಿಯನನ್ನೂ ಕರಿಯನನ್ನೂ ಒಂದೇ ಮನೆಗೆ ಕಳುಹಿಸಿ ಪರೀಕ್ಷಿಸುವ ಕ್ರಮ ಬಳಕೆಗೆ ಬಂದಿತು. ದೆಹಲಿ ಪ್ರದೇಶದಲ್ಲಿ ಸುಖದೇವ ಥೋರಟ್ ಮತ್ತು ಅವರ ಸಹೋದ್ಯೋಗಿಗಳು ಮೇಲ್ಜಾತಿ, ದಲಿತ ಹಾಗೂ ಮುಸಲ್ಮಾನ ಹೆಸರುಗಳಿಂದ ಮನೆ ಕೇಳಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಲ್ಜಾತಿಯ ಹೆಸರಿಗೆ ಬಾಗಿಲು ತೆರೆಯಿತು. ಉಳಿದ ಹೆಸರುಗಳಿಗೆ ಎಷ್ಟೋ ಕಡೆ ಮುಚ್ಚಿತು. ನಿಮಗೆ ಸಂದೇಹ ಬಂದರೆ, ಬೇರೆ ಹೆಸರಿನ ಗೆಳೆಯನೊಬ್ಬನು ಅದೇ ಮನೆಯನ್ನು ವಿಚಾರಿಸಲಿ. ದಿನ, ವೇಳೆ, ಆಡಿದ ಮಾತು, ಇವನ್ನು ಅಂದೇ ಬರೆದಿಡಿ.

ಕಾನೂನು ಈ ಕಷ್ಟವನ್ನು ಅರಿಯದೆ ಇಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೆಂದು ಹುಟ್ಟಿ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂಬ ಹೆಸರು ಪಡೆದ ಶಾಸನವು, ಅಸ್ಪೃಶ್ಯತೆಯ ಕಾರಣದಿಂದ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದನ್ನಾಗಲಿ, ಪಡೆಯುವುದನ್ನಾಗಲಿ, ವಾಸಿಸುವುದನ್ನಾಗಲಿ ತಡೆಯುವುದು ಅಪರಾಧವೆನ್ನುತ್ತದೆ. ನೊಂದವನು ಪರಿಶಿಷ್ಟ ಜಾತಿಯವನಾಗಿದ್ದರೆ, ಅಸ್ಪೃಶ್ಯತೆಯೇ ಕಾರಣವೆಂದು ನ್ಯಾಯಾಲಯ ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಹೊಣೆ ಎದುರಾಳಿಯದು. ಶಿಕ್ಷೆ ಒಂದರಿಂದ ಆರು ತಿಂಗಳ ಸೆರೆ ಮತ್ತು ನೂರರಿಂದ ಐನೂರು ರೂಪಾಯಿ ದಂಡ. ಒಂದು ತಿಂಗಳ ಬಾಡಿಗೆಗೂ ಸಾಲದ ದಂಡವಿದು! ಮುಸಲ್ಮಾನರಿಗೂ ಈಶಾನ್ಯದ ತರುಣರಿಗೂ ಈ ಕಾಯ್ದೆಯ ಆಸರೆ ಎಟುಕುವುದು ಕಷ್ಟ. ಅಷ್ಟೇ ಅಲ್ಲ, ಒಂದೇ ಸಮುದಾಯಕ್ಕೆ ಸದಸ್ಯತ್ವವನ್ನು ಸೀಮಿತಗೊಳಿಸಿದ ಗೃಹನಿರ್ಮಾಣ ಸಹಕಾರ ಸಂಘದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವೇ 2005ರಲ್ಲಿ ಎತ್ತಿಹಿಡಿದಿದೆ. ಆದರೂ ಪರಿಶಿಷ್ಟರು ಪೊಲೀಸ್ ಠಾಣೆಯಲ್ಲಿ, ಇಲ್ಲವೆ ರಾಜ್ಯದ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದಲ್ಲಿ ದೂರು ಕೊಡಬಹುದು. ಬರೆದಿಟ್ಟ ಆ ಚೀಟಿ ಅಲ್ಲಿ ಉಪಯೋಗಕ್ಕೆ ಬರುತ್ತದೆ.