ರಾಟೆಯಿಂದ ಪಾಸ್‌ಬುಕ್ಕಿನವರೆಗೆ: ಮಂಡಿಕಲ್ ಸೀಮೆಯ ಹೆಣ್ಣುಮಕ್ಕಳ ಇನ್ನೂರು ವರ್ಷ

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯ ಯಾವುದಾದರೊಂದು ಮನೆತನದ ಕಥೆ ಬರೆಯಲು ಕೂತರೆ ಗಂಡಸರ ಹೆಸರು ಹೇಗೋ ಸಿಗುತ್ತದೆ: ಕಂದಾಯದ ಕಡತದಲ್ಲಿ, ಕ್ರಯಪತ್ರದಲ್ಲಿ, ಸಾಲದ ಚೀಟಿಯಲ್ಲಿ. ಅದೇ ಮನೆಯ ಹೆಂಗಸರು ಎಷ್ಟು ಮಕ್ಕಳನ್ನು ಹೆತ್ತರು, ಎಷ್ಟನ್ನು ಮಣ್ಣು ಮಾಡಿದರು, ಎಷ್ಟು ಸೇರು ರಾಗಿ ಬೀಸಿದರು, ಯಾವ ಬಾವಿಯಿಂದ ನೀರು ಹೊತ್ತರು ಎಂಬುದಕ್ಕೆ ಒಂದು ಚೂರು ಕಾಗದವೂ ಇರುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈ ಇನ್ನೂರು ವರ್ಷಗಳಲ್ಲಿ ಹೆಣ್ಣಿನ ಬದುಕು ಬದಲಾದಷ್ಟು ಗಂಡಿನ ಬದುಕು ಬದಲಾಗಿಲ್ಲ ಎಂದೇ ನನ್ನ ನಂಬಿಕೆ. ಆದರೆ ಆ ಬದಲಾವಣೆಯನ್ನು ಅಳೆಯಲು ಅವಳು ಏನು ಕೆಲಸ ಮಾಡಿದಳು ಎಂದು ನೋಡಿದರೆ ಸಾಲದು. ಆ ಕೆಲಸದ ಫಲ ಯಾರ ಹೆಸರಿಗೆ ಜಮೆಯಾಯಿತು ಎಂಬುದನ್ನೂ ನೋಡಬೇಕು.

ಹೆಂಗಸಿನ ಕೆಲಸಕ್ಕೂ ಕಾಗದ ಉಳಿದ ಕಡೆ ಇದೆ. ಅಮೆರಿಕದ ಮೇನ್ ಪ್ರಾಂತ್ಯದ ಹ್ಯಾಲೊವೆಲ್ ಎಂಬ ಊರಿನಲ್ಲಿ ಮಾರ್ಥಾ ಬ್ಯಾಲರ್ಡ್ ಎಂಬ ಸೂಲಗಿತ್ತಿ 1785ರಿಂದ 1812ರವರೆಗೆ ದಿನಚರಿ ಬರೆದಿಟ್ಟಳು. ತಾನು ಮಾಡಿಸಿದ 816 ಹೆರಿಗೆಗಳು, ನೇಯ್ದ ಬಟ್ಟೆ, ದಾಟಿದ ಹೊಳೆ ಎಲ್ಲವೂ ಅದರಲ್ಲಿವೆ. ಲಾರೆಲ್ ಥ್ಯಾಚರ್ ಉಲ್ರಿಚ್ 1990ರಲ್ಲಿ ಆ ದಿನಚರಿಯ ಮೇಲೆ ಪುಸ್ತಕ ಬರೆದ ಮೇಲೆ ಅಮೆರಿಕದ ಆರಂಭದ ದಿನಗಳ ಹೆಂಗಸರ ಚರಿತ್ರೆಯ ಓದೇ ಬೇರೆಯಾಯಿತು. ನಮ್ಮಿಂದ ದೂರವಲ್ಲದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಕಾಸು ಮುಟ್ಟದೆ ಮಾಡಿಸಿದ ಹೆರಿಗೆಗಳು 15,000 ದಾಟಿದ್ದವು ಎನ್ನುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರಿಗಿಂತ ಹಿಂದೆ ಈ ಸೀಮೆಯ ಊರೂರಲ್ಲೂ ಇದ್ದ ಸೂಲಗಿತ್ತಿಯರ ಹೆಸರು ಹೇಳುವವರು ಈಗ ಯಾರೂ ಇಲ್ಲ. ಅಕ್ಷರ ಅವರ ಕೈಗೆ ಬಂದಿರಲಿಲ್ಲ.

ಹಾಗಾಗಿ ಆರಂಭಕ್ಕೆ ಪರದೇಶದವರ ಬರಹವನ್ನೇ ನಂಬಬೇಕು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮೇಲೆ ಹಾದುಹೋದ. ಆಗ ಈ ನಾಡಿನ ಹೆಂಗಸರು ಸಂತೆಯಲ್ಲಿ ಹತ್ತಿ ಕೊಂಡು, ಮನೆಯಲ್ಲಿ ರಾಟೆ ತಿರುಗಿಸಿ, ನೂಲನ್ನು ನೇಕಾರರಿಗೆ ಮಾರುತ್ತಿದ್ದರು. ಹೊಲದ ಕೂಲಿಗೆ ಕಾಳು, ನೂಲಿಗೆ ಕಾಸು. ಕೈಯಲ್ಲಿ ಓಡಾಡುವ ಕಾಸು ಎಂದರೆ ಅದೊಂದೇ. ಗಿರಣಿಯ ನೂಲು ಬಂದಮೇಲೆ ಆ ಕಾಸು ಹೋಯಿತು. ಕೈಕೆಲಸ ಕಳೆದುಕೊಂಡ ನೇಕಾರನ ಬಗ್ಗೆ ಬರೆದವರು ಬಹಳ ಮಂದಿ, ರಾಟೆ ಅಟ್ಟಕ್ಕೇರಿದ ಮನೆಯ ಹೆಂಗಸಿನ ಬಗ್ಗೆ ಬರೆದವರು ಕಡಮೆ.

ಇದೇ ಕಾಲದ ಬರಹಗಳಲ್ಲಿ, ಆಮೇಲೆ ಬಿ. ಎಲ್. ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ, ಓದಲು ಕಷ್ಟವಾಗುವ ಒಂದು ಸಂಗತಿ ಇದೆ. ಮೊರಸು ನಾಡೆಂದು ಕರೆಯುತ್ತಿದ್ದ ಈ ಸೀಮೆಯ ಕೆಲವು ಒಕ್ಕಲು ಮನೆತನಗಳಲ್ಲಿ ಹಿರಿಯ ಮಗಳ ಕಿವಿ ಚುಚ್ಚಿಸುವ ಮುನ್ನ ತಾಯಿ ತನ್ನ ಬಲಗೈಯ ಉಂಗುರದ ಬೆರಳನ್ನೂ ಕಿರುಬೆರಳನ್ನೂ ದೇವರಿಗೆ ಕೊಡಬೇಕಿತ್ತು. ಉಳಿಯ ಒಂದೇ ಏಟು. ಕೋಲಾರದ ಬಳಿಯ ಸೀತಿಬೆಟ್ಟದ ಭೈರವನಿಗೆ ಸಲ್ಲುವ ಹರಕೆ ಎಂದು ನಂಬಿದ್ದರು. ಸರ್ಕಾರ ನಿಲ್ಲಿಸಿದ ಮೇಲೆ ಬೆರಳಿಗೆ ಚಿನ್ನದ ತಂತಿ ಸುತ್ತಿ, ಬೆರಳಿನ ಬದಲು ಆ ತಂತಿಯನ್ನು ತೆಗೆಯುವ ಪದ್ಧತಿ ಬಂತು. ಯಾವ ಜಾತಿಯನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. ಆ ಎರಡು ಬೆರಳಿಲ್ಲದ ಕೈಯಲ್ಲೇ ಆ ತಾಯಂದಿರು ಕಳೆ ಕಿತ್ತರು, ರಾಗಿ ಬೀಸಿದರು, ಮುದ್ದೆ ತೊಳೆಸಿದರು ಎಂಬುದು ಮರೆಯಬಾರದ ಮಾತು. ಈ ಕಷ್ಟಗಳ ಮೇಲೆ ಬರ ಬಂತು. 1876ರಿಂದ 78ರ ದೊಡ್ಡ ಬರದಲ್ಲಿ ಮೈಸೂರು ಸೀಮೆಯ ಐದರಲ್ಲೊಂದು ಪಾಲು ಜನ ಇಲ್ಲವಾದರು. ಕೋಲಾರದ ಕಡೆಯ ಈ ಬಯಲು ಅದರ ಪೆಟ್ಟನ್ನು ಚೆನ್ನಾಗಿ ತಿಂದಿತು.

ಕಾನೂನು ಮೈಸೂರಿನಿಂದ ಬಂತು, ಊರಿಗಿಂತ ಬಹಳ ಮುಂದೆ ಬಂತು. 1894ರ ಶಾಸನ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಹೆಂಗಸರೂ ಮತ ಹಾಕಬಹುದೆಂದಾಯಿತು. ಅಮೆರಿಕದ ಹೆಂಗಸರಿಗೆ ದೇಶಕ್ಕೆಲ್ಲ ಅನ್ವಯಿಸುವಂತೆ ಮತದ ಹಕ್ಕು ಬಂದದ್ದು 1920ರಲ್ಲಿ, ಹೆಚ್ಚೇನೂ ಅಂತರವಿಲ್ಲ. ಆದರೆ ಇಲ್ಲಿ ಮತ ಹೆಚ್ಚಾಗಿ ಆಸ್ತಿ ಇದ್ದವರಿಗೆ, ಆಸ್ತಿ ಹೆಂಗಸಿಗೆ ಎಲ್ಲಿಂದ? ಆ ಪ್ರಶ್ನೆಗೆ ಉತ್ತರದಂತೆ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ಬಂತು. ವಿಧವೆಗೂ ಮದುವೆಯಾಗದ ಮಗಳಿಗೂ ಪಾಲಿನಲ್ಲಿ ಒಂದಿಷ್ಟು ಹಕ್ಕು ಕೊಟ್ಟ ಈ ಕಾಯ್ದೆ ಬ್ರಿಟಿಷ್ ಇಂಡಿಯಾದ ಕಾಯ್ದೆಗಿಂತ ನಾಲ್ಕು ವರ್ಷ ಮೊದಲಿನದು. 1930ರಲ್ಲಿ ಸರ್ಕಾರವೇ ಬೆಂಗಳೂರು, ಮೈಸೂರುಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಿತು. ಜಗತ್ತಿನಲ್ಲೇ ಸರ್ಕಾರವೊಂದು ಹೀಗೆ ಮಾಡಿದ್ದು ಅದೇ ಮೊದಲು. ಮಂಡಿಕಲ್ಲಿನ ಬಸುರಿಗೆ ಅದರ ಸುದ್ದಿ ಬಂದಿತ್ತೆಂದು ನನಗೆ ಅನ್ನಿಸುವುದಿಲ್ಲ. ಅವಳಿಗೆ ಹತ್ತಿರವಿದ್ದದ್ದು ಮಿಷನ್ ಆಸ್ಪತ್ರೆ. ಕೋಲಾರದಲ್ಲಿ 1910ರ ಹೊತ್ತಿಗೆ ಅಮೆರಿಕದ ಮೆಥೊಡಿಸ್ಟ್ ಮಹಿಳೆಯರು ಕಟ್ಟಿಸಿದ ಎಲೆನ್ ಥೋಬರ್ನ್ ಕೋವೆನ್ ಆಸ್ಪತ್ರೆ, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರ ಆಸ್ಪತ್ರೆ. ಹೆರಿಗೆ ಕಷ್ಟವಾದರೆ ಗಾಡಿ ಕಟ್ಟಿಕೊಂಡು ಹೋಗಲು ಒಂದು ಜಾಗ ಎಂಬುದು ಆಗಲೇ ಮೊದಲು ಉಂಟಾದದ್ದು.

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹದ ಮೇಲೆ ಗುಂಡು ಹಾರಿತು. ಅಂದು ಮಡಿದವರ ಹೆಸರುಗಳಲ್ಲಿ ಗೌರಮ್ಮ ಎಂಬ ಹೆಸರೂ ಇದೆ. ಈ ಸೀಮೆಯ ಸಾಮಾನ್ಯ ಹೆಂಗಸೊಬ್ಬಳ ಹೆಸರು ಕಲ್ಲಿಗೇರಲು ಅವಳು ಗುಂಡೇಟು ತಿನ್ನಬೇಕಾಯಿತು.

ಇನ್ನು ರೇಷ್ಮೆ. ಈ ನಾಡಿನ ಹೆಣ್ಣಿನ ಚರಿತ್ರೆಯಲ್ಲಿ ಅರ್ಧ ರೇಷ್ಮೆಯದೇ. 1780ರ ದಶಕದಲ್ಲಿ ಟಿಪ್ಪು ತರಿಸಿದ ಹುಳ ಇಪ್ಪತ್ತನೇ ಶತಮಾನದಲ್ಲಿ ಮನೆಮನೆಯ ಹುಳವಾಯಿತು. ಹುಳಕ್ಕೆ ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಘಟ್ಟ. ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳ ಹಗಲೂ ರಾತ್ರಿಯೂ ಸೊಪ್ಪು ತಿನ್ನುತ್ತದೆ. ಆ ವಾರ ಮನೆಯ ಹೆಂಗಸಿಗೆ ನಿದ್ದೆ ಇಲ್ಲ. ಹುಳಮನೆ ಬೇರೆ ಕಟ್ಟುವ ಮೊದಲು ಹುಳವೂ ಮನುಷ್ಯರೂ ಒಂದೇ ಸೂರಿನಡಿ ಇದ್ದರು. ತಟ್ಟೆಗೆ ಜಾಗ ಬಿಟ್ಟು ಮಕ್ಕಳು ಜಗಲಿಯಲ್ಲಿ ಮಲಗಿದರು. ಸೊಪ್ಪು ಬಿಡಿಸುವುದು, ಕತ್ತರಿಸುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು: ಇದರಲ್ಲಿ ಬಹುಪಾಲು ಹೆಂಗಸಿನ ಕೆಲಸ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವವನು, ಹರಾಜಿನಲ್ಲಿ ನಿಲ್ಲುವವನು, ದುಡ್ಡು ಎಣಿಸಿಕೊಳ್ಳುವವನು ಗಂಡಸು. ಇಷ್ಟು ಕೆಲಸ ಮಾಡಿದ ಕೈಗೂ ಮಾರುಕಟ್ಟೆಗೂ ನಡುವೆ ಎಷ್ಟು ದೂರ! ಗಿಡದ ರೆಂಬೆಯನ್ನೇ ಕತ್ತರಿಸಿ ಹಾಕುವ ಪದ್ಧತಿ, ಮರಿಹುಳ ಸಾಕುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ದಾಟಿದ ಹುಳ ತರುವ ಪದ್ಧತಿ ಬಂದ ಮೇಲೆ ಮೈಮುರಿಯುವ ಕೆಲಸ ಬಹಳ ಇಳಿದಿದೆ. ಇದು ನಿಜವಾದ ಬಿಡುಗಡೆ ಎಂದೇ ಹೇಳಬೇಕು.

ಗೂಡು ಶಿಡ್ಲಘಟ್ಟದ ಫಿಲೇಚರಿಗೆ, ಅಂದರೆ ಎಳೆ ತೆಗೆಯುವ ಕಾರ್ಖಾನೆಗೆ, ಹೋದ ಮೇಲೆ ಕಥೆ ಇನ್ನೊಬ್ಬ ಹೆಂಗಸಿನದು. ಹೆಚ್ಚಾಗಿ ಪಟ್ಟಣದ ಮುಸ್ಲಿಂ ಮನೆಗಳವಳು, ಜೊತೆಗೆ ದಲಿತ ಕೇರಿಯವಳು. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವ ಬೆರಳುಗಳು ಬೆಳ್ಳಗೆ ನೆನೆದು ಬಿರಿಯುತ್ತವೆ. ಸತ್ತ ಹುಳದ ವಾಸನೆ, ಹಬೆ, ಉಬ್ಬಸ. ಮದುವೆಗೋ ಕಾಯಿಲೆಗೋ ತೆಗೆದುಕೊಂಡ ಮುಂಗಡ ತೀರುವವರೆಗೆ ಮಾಲೀಕನನ್ನು ಬಿಡುವಂತಿಲ್ಲ. ಆ ಮುಂಗಡಕ್ಕೆ ಮಕ್ಕಳನ್ನೂ ದುಡಿಮೆಗೆ ಹಚ್ಚಿದ ಕಾಲವಿತ್ತು. ಕರ್ನಾಟಕವೂ ಸೇರಿ ದೇಶದ ರೇಷ್ಮೆ ಕೆಲಸದಲ್ಲಿನ ಬಾಲ ಜೀತದ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿಯನ್ನೇ ಹೊರತಂದಿತು. ಈಗ ಸ್ವಯಂಚಾಲಿತ ಯಂತ್ರ ಬಂದಿದೆ. ಬೆರಳು ಉಳಿಯಿತು, ಎಷ್ಟೋ ಜನಕ್ಕೆ ಕೆಲಸ ಉಳಿಯಲಿಲ್ಲ.

ಹಾಲಿನ ಕಥೆ ಸ್ವಲ್ಪ ಮೇಲು. ಬೋರ್‌ವೆಲ್ ಬತ್ತಿದ ವರ್ಷ ಹೊಲ ಕೈಬಿಟ್ಟರೂ ಸೀಮೆಹಸು ಕೈಬಿಡಲಿಲ್ಲ. ಬೆಳಿಗ್ಗೆ ಸಂಜೆ ಡೇರಿಗೆ ಕ್ಯಾನು ಹಿಡಿದು ಹೋಗುವವಳು ಅವಳೇ. 1986–87ರಲ್ಲಿ ಆರಂಭವಾದ ಹೆಂಗಸರಿಗೆ ತರಬೇತಿ, ಉದ್ಯೋಗ ಕೊಡುವ ಕೇಂದ್ರದ ಸ್ಟೆಪ್ ಯೋಜನೆಯ ಬೆಂಬಲದಿಂದ ರಾಜ್ಯದಲ್ಲಿ ಮಹಿಳಾ ಹಾಲು ಸಂಘಗಳು ಹುಟ್ಟಿದವು. ಸದಸ್ಯೆ, ಕಾರ್ಯದರ್ಶಿ, ಅಧ್ಯಕ್ಷೆ ಎಲ್ಲ ಹೆಂಗಸರೇ. ಬಟವಾಡೆಯ ದುಡ್ಡು ಅವಳ ಕೈಗೆ ಬರುತ್ತದೆ. ರಾಟೆಯ ಕಾಸು ಹೋದ ಎಷ್ಟೋ ಕಾಲಕ್ಕೆ ಮತ್ತೆ ಅವಳ ಹೆಸರಿನಲ್ಲಿ ಒಂದು ಲೆಕ್ಕ ಶುರುವಾಯಿತು.

ಆದರೆ ನೀರು ಮಾತ್ರ ಅವಳ ತಲೆಯ ಮೇಲಿಂದ ಇಳಿಯಲಿಲ್ಲ. ಸೇದುವ ಬಾವಿ ಹೋಗಿ ಬೋರ್‌ವೆಲ್ ಬಂತು, ಅದು ಸಾವಿರ ಅಡಿ ದಾಟಿ ಫ್ಲೋರೈಡ್ ಕಕ್ಕಿತು. ಕೀಲುನೋವಿನಲ್ಲಿ ಬಿಂದಿಗೆ ಹೊತ್ತವಳೂ ಅವಳೇ. ಈ ಬಯಲಿಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಅಡಿಗಲ್ಲು ಬಿತ್ತು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಈಗ ಕೆಲವು ಕೆರೆಗಳಿಗೆ ಬರುತ್ತಿದೆ, ಕುಡಿಯಲಿಕ್ಕಲ್ಲ. ಸೌದೆಯ ಹೊರೆಯಾದರೂ ಇಳಿಯಿತು: ಬಾಗೇಪಲ್ಲಿಯ ಕೂಲಿ ಸಂಘದ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆ ದೇಶದ ಗಮನ ಸೆಳೆಯಿತು, ಆಮೇಲೆ ಸಿಲಿಂಡರು ಬಂತು.

ಸಾಲದ ಕಥೆಗೆ ಎರಡು ಮುಖ. ಹಳೆಯ ಕೋಲಾರ ಜಿಲ್ಲೆಯ ಕಾಮಸಮುದ್ರದಲ್ಲಿ 1980ರ ದಶಕದ ನಡುವೆ ಮೈರಾಡ ಸಂಸ್ಥೆ ಬೆಳೆಸಿದ ಚಿಕ್ಕ ಉಳಿತಾಯದ ಗುಂಪುಗಳೇ ದೇಶದ ಸ್ವಸಹಾಯ ಸಂಘಗಳಿಗೆ ದಾರಿ ತೋರಿದವು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಸಂಘಗಳ ಯೋಜನೆ ಬಂತು. ಹೆಬ್ಬೆಟ್ಟು ಒತ್ತುತ್ತಿದ್ದವಳು ಸಹಿ ಕಲಿತಳು, ಬ್ಯಾಂಕಿನ ಬಾಗಿಲು ದಾಟಿದಳು. ಅದೇ ಬಾಗಿಲಿನಿಂದ ಕಿರುಸಾಲದ ಕಂಪನಿಗಳೂ ಬಂದವು. ಒಂದು ಕಂತು ಕಟ್ಟಲು ಇನ್ನೊಂದು ಸಾಲ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರಗಳಲ್ಲಿ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಗಳ ಮಾತಿನ ಮೇಲೆ ಹೆಂಗಸರು ಕಂತು ಕಟ್ಟುವುದನ್ನೇ ನಿಲ್ಲಿಸಿದರು. ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರವರಿಯಲ್ಲಿ. ನಡುವಿನ ವರ್ಷಗಳನ್ನು ಆ ಮನೆಗಳು ಹೇಗೆ ಕಳೆದವು ಎಂದು ಯಾರಾದರೂ ಕೂತು ಬರೆಯಬೇಕು.

ಪಂಚಾಯಿತಿಯಲ್ಲಿ ಕರ್ನಾಟಕ ಮುಂದಿತ್ತು. 1983ರ ಕಾಯ್ದೆ ಹೆಂಗಸರಿಗೆ ಕಾಲುಭಾಗ ಸ್ಥಾನ ಕೊಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು, 2010ರಿಂದ ಅರ್ಧ. ಗಂಡ ಬಂದು ಕುರ್ಚಿಯಲ್ಲಿ ಕೂರುವ ಪಂಚಾಯಿತಿ ಇನ್ನೂ ಇದೆ, ನಿಜ. ಹೆಂಡದ ಅಂಗಡಿಯ ವಿರುದ್ಧ, ನೀರಿಗಾಗಿ ತಾವೇ ಎದ್ದು ನಿಂತ ಸದಸ್ಯೆಯರೂ ಇದ್ದಾರೆ.

ಉಳಿದದ್ದು ಭೂಮಿ. ಅಮೆರಿಕದಲ್ಲಿ ಒಂದು ಕಾಲಕ್ಕೆ ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ವಶವಾಗುತ್ತಿತ್ತು. ನ್ಯೂಯಾರ್ಕಿನ 1848ರ ಕಾಯ್ದೆಯಂಥವು ಅದನ್ನು ಸಡಿಲಿಸಿದವು. ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. 1994ರಲ್ಲಿ ಕರ್ನಾಟಕವೇ ಅಷ್ಟರೊಳಗೆ ಮದುವೆಯಾಗಿರದ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಕೊಟ್ಟಿತು, 2005ರಲ್ಲಿ ದೇಶಕ್ಕೆಲ್ಲ ಬಂತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿ ಮಾಡಿತು. ಆದರೂ ಹೆದ್ದಾರಿಯ ಅಕ್ಕಪಕ್ಕ ಎಕರೆಯ ಬೆಲೆ ಏರುತ್ತಿದ್ದಂತೆ ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಡೆದೇ ಇದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಅವರು ಸಹಿ ಹಾಕುತ್ತಾರೆ. ಒಂದು ಸೀರೆ, ಅರಿಶಿನ ಕುಂಕುಮ, ಊಟ.

ಆದ್ದರಿಂದ ಈ ಸೀಮೆಯ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಪೌತಿ ಖಾತೆಯ ಅರ್ಜಿ ಬರೆಯುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ, ತಾಯಿಯ ಹೆಸರನ್ನು ಪಹಣಿಗೆ ಸೇರಿಸಿ, ತಂಗಿಯ ಮುಂದೆ ಬಿಡುಗಡೆ ಪತ್ರ ಇಡಬೇಡಿ. ಸಹಿ ಹಾಕೆಂದು ಕರೆ ಬಂದ ಹೆಣ್ಣುಮಕ್ಕಳೇ, ಓದಿಸಿ ಕೇಳಿ, ಬೇಡವೆನಿಸಿದರೆ ಹಾಕಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಸಲಹೆಯೂ ವಕೀಲರೂ ಉಚಿತ.