ಗುಲಾಬಿ ಉಡುಪಿನ ವಿದಾಯ

2005ರ ಮೇ 7. ಇಟಲಿಯ ದಕ್ಷಿಣ ತುದಿಯ ರೆಜ್ಜೊ ಕಲಾಬ್ರಿಯಾ ಪಟ್ಟಣದಲ್ಲಿ ಆ ವರ್ಷದ 'ಜಿರೊ ಡಿ ಇಟಾಲಿಯಾ' ಸೈಕಲ್ ಪಂದ್ಯ ಆರಂಭವಾಗುವುದಿತ್ತು. ಮೊದಲ ದಿನದ ಓಟ ಒಂದು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು. ಸ್ಪರ್ಧಿಗಳು ಒಬ್ಬೊಬ್ಬರಾಗಿ ಹೊರಡುವ ಆ ದಾರಿಯಲ್ಲಿ ಸ್ಪರ್ಧಿಯೇ ಅಲ್ಲದ ಒಬ್ಬ ಸವಾರ ಸಾಗಿ ಹೋದ. ಕಣ್ಣು ಕೋರೈಸುವ ಗುಲಾಬಿ ಬಣ್ಣದ ಬಿಗಿ ಉಡುಪು, ಅದರ ಮೇಲೆ ಅಚ್ಚು ಹಾಕಿಸಿದ ಒಂದು ಪಟ್ಟಿ. ಆ ಪಂದ್ಯದಲ್ಲಿ ಆತ ಗೆದ್ದಿದ್ದ 42 ಹಂತಗಳ ಪಟ್ಟಿ ಅದು. ಆಗ ಅವನಿಗೆ 38 ವರ್ಷ. ಹನ್ನೊಂದು ದಿನಗಳ ಹಿಂದೆ, ಏಪ್ರಿಲ್ 26ರಂದು, ನಿವೃತ್ತಿಯನ್ನು ಘೋಷಿಸಿದ್ದ. ಹೆಸರು ಮಾರಿಯೊ ಚಿಪೊಲ್ಲೀನಿ.

ಈರುಳ್ಳಿಗೆ ಇಟಲಿಯ ಭಾಷೆಯಲ್ಲಿ 'ಚಿಪೊಲ್ಲ' ಎನ್ನುತ್ತಾರೆ. ಆ ಮನೆತನದ ಹೆಸರಿಗೆ 'ಚಿಕ್ಕ ಈರುಳ್ಳಿಗಳು' ಎಂದು ಅರ್ಥ ಬರುತ್ತದೆ. ಅಭಿಮಾನಿಗಳಿಗೆ ಮಾತ್ರ ಆತ 'ಸಿಂಹರಾಜ'. ಹುಟ್ಟಿದ್ದು 1967ರ ಮಾರ್ಚ್ 22ರಂದು, ಟಸ್ಕನಿ ಪ್ರಾಂತ್ಯದ ಲುಕ್ಕಾ ನಗರದಲ್ಲಿ. ಅಣ್ಣ ಚೇಸರೆ ಮೊದಲೇ ವೃತ್ತಿಪರ ಸೈಕಲ್ ಸವಾರನಾಗಿದ್ದ. ತಮ್ಮ 1989ರಲ್ಲಿ ವೃತ್ತಿಗೆ ಇಳಿದ, ಅದೇ ವರ್ಷ ಜಿರೊದಲ್ಲಿ ಮೊದಲ ಹಂತವನ್ನು ಗೆದ್ದ.

ಇಲ್ಲಿ ಒಂದು ವಿವರಣೆ ಅಗತ್ಯ. ಜಿರೊ ಪಂದ್ಯವಾಗಲಿ, ಫ್ರಾನ್ಸಿನ 'ಟೂರ್ ಡಿ ಫ್ರಾನ್ಸ್' ಆಗಲಿ, ಸುಮಾರು ಮೂರು ವಾರ ನಡೆಯುತ್ತದೆ. ಪ್ರತಿದಿನದ ಓಟ ಒಂದು ಹಂತ. ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಯಾರದು ಅತಿ ಕಡಿಮೆಯೋ ಆತನೇ ಒಟ್ಟು ವಿಜೇತ. ಈ ಒಟ್ಟು ವಿಜಯ ಪರ್ವತಗಳಲ್ಲಿ ನಿರ್ಧಾರವಾಗುವಂಥದು. ಬೆಟ್ಟ ಹತ್ತುವ ಹಗುರ ಮೈಕಟ್ಟಿನವರಿಗೆ ಮೀಸಲು. ಚಿಪೊಲ್ಲೀನಿ ಎತ್ತರದ, ದಪ್ಪ ಸ್ನಾಯುಗಳ ಆಳು. ಅವನ ಕಾರ್ಯಕ್ಷೇತ್ರ ಸಮತಟ್ಟಾದ ಹಂತಗಳ ಕೊನೆಯ ಇನ್ನೂರು ಮೀಟರ್ ಮಾತ್ರ. ಐದು ಗಂಟೆ ಗುಂಪಿನೊಳಗೆ ಅಡಗಿ ಸಾಗಿ, ಕೊನೆಯ ಹನ್ನೆರಡು ಸೆಕೆಂಡು ಸಿಡಿಲಿನಂತೆ ಎರಗುವವನನ್ನು ಸ್ಪ್ರಿಂಟರ್ ಎನ್ನುತ್ತಾರೆ.

ಆ ಇನ್ನೂರು ಮೀಟರ್ ಒಬ್ಬನ ಬಲವಲ್ಲ ಎಂಬುದೇ ಈ ಕ್ರೀಡೆಯ ಸ್ವಾರಸ್ಯ. ಸೈಕಲ್ ಸವಾರನ ದೊಡ್ಡ ಶತ್ರು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡಂತೆ ಗಾಳಿಯ ಮರೆಯಲ್ಲಿ ಸಾಗುವವನಿಗೆ ಶ್ರಮ ಎಷ್ಟೋ ಕಡಿಮೆ. ಬಿಜಾಪುರ, ಬಾಗಲಕೋಟೆ ಕಡೆಯ ಸೈಕಲ್ ಪಟುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಯಲಿನ ಎದುರುಗಾಳಿಯೇ ಅವರಿಗೆ ಪಾಠ. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಸೈಕಲ್ ತುಳಿಯುವ ಹುಡುಗರ ಅಪಾಯಕರ ಚಾಳಿಗೂ ಇದೇ ಕಾರಣ.

ಈ ಸರಳ ಸತ್ಯವನ್ನು ಚಿಪೊಲ್ಲೀನಿಯ ಸಾಯೆಕೊ ತಂಡ 1990ರ ದಶಕದ ಉತ್ತರಾರ್ಧದಲ್ಲಿ ಒಂದು ಯಂತ್ರವನ್ನಾಗಿ ಮಾಡಿತು. ಸಾಯೆಕೊ ಕಾಫಿ ಯಂತ್ರಗಳ ಕಂಪನಿ, ತಂಡದ ಅಂಗಿ ಕೆಂಪು. ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಕೆಂಪು ಅಂಗಿಯ ಸವಾರರು ರೈಲಿನ ಬೋಗಿಗಳಂತೆ ಒಂದೇ ಸಾಲಾಗಿ ಗುಂಪಿನ ತಲೆಗೆ ಬರುತ್ತಿದ್ದರು. ಮುಂದಿನವನು ಶಕ್ತಿಮೀರಿ ತುಳಿದು, ದಣಿದು, ಪಕ್ಕಕ್ಕೆ ಸರಿಯುವನು. ಎರಡನೆಯವನು ಆ ಜಾಗಕ್ಕೆ ಬರುವನು. ಹೀಗೆ ಒಬ್ಬೊಬ್ಬರೇ ಉರಿದು ಮುಗಿದಂತೆ ವೇಗ ಗಂಟೆಗೆ ಅರವತ್ತು ಕಿಲೋಮೀಟರನ್ನೂ ದಾಟುತ್ತಿತ್ತು. ಹಿಂದಿನಿಂದ ಬೇರೆ ಯಾರೂ ಮುನ್ನುಗ್ಗಲು ಆಗುತ್ತಿರಲಿಲ್ಲ. ಕೊನೆಯ ಬೋಗಿಯಾದ ಫಾನ್ಯೀನಿ ಪಕ್ಕಕ್ಕೆ ಸರಿದಾಗ ಚಿಪೊಲ್ಲೀನಿ ಹೊರಬಂದು ಕೈಗಳನ್ನು ಮೇಲೆತ್ತುತ್ತಿದ್ದ. ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುತ್ತಿದ್ದುದು ಅವನದೊಬ್ಬನದೇ. ಮಾರ್ಟಿನೆಲ್ಲೊ, ಸ್ಕಿರೇಯ, ಲೊಂಬಾರ್ಡಿ ಮುಂತಾಗಿ ಬೇರೆ ಬೇರೆ ವರ್ಷಗಳಲ್ಲಿ ಅವನಿಗಾಗಿ ದುಡಿದವರ ಹೆಸರು ಇಂದು ಎಷ್ಟು ಜನಕ್ಕೆ ನೆನಪಿದೆ?

1999ರ ಟೂರ್‌ನಲ್ಲಿ ಇದರ ಫಲ ಕಂಡಿತು. ಲಾವಾಲ್‌ನಿಂದ ಬ್ಲುವಾವರೆಗಿನ 194.5 ಕಿ.ಮೀ. ದೂರವನ್ನು ಆತ ಗೆದ್ದದ್ದು ಗಂಟೆಗೆ ಸರಾಸರಿ 50.355 ಕಿ.ಮೀ. ವೇಗದಲ್ಲಿ. ಬೆನ್ನ ಹಿಂದಿನ ಗಾಳಿಯ ಸಹಾಯವಿತ್ತೆಂಬುದು ನಿಜ, ಆದರೂ ಗುಂಪಾಗಿ ಓಡಿದ ಹಂತಗಳಲ್ಲಿ ಟೂರ್ ಅಲ್ಲಿಯವರೆಗೆ ಆ ವೇಗವನ್ನು ಕಂಡಿರಲಿಲ್ಲ. ಆತ ಸಾಲಾಗಿ ನಾಲ್ಕು ದಿನ ಗೆದ್ದ. ಹಿಂದೆ 1930ರಲ್ಲಿ ಫ್ರಾನ್ಸಿನ ಶಾರ್ಲ್ ಪೆಲಿಸ್ಸಿಯೆ ಮಾಡಿದ್ದ ಸಾಧನೆ ಅದು. ಬಿಡುವಿನ ದಿನ ಜೂಲಿಯಸ್ ಸೀಸರನ ಹುಟ್ಟುಹಬ್ಬವೆಂದು ಹೇಳಿ ಆತ ರೋಮನ್ ಚಕ್ರವರ್ತಿಯಂತೆ ಬಿಳಿಯ ನಿಲುವಂಗಿ ತೊಟ್ಟು ಬಂದ. ಮುಂದಿನ ದಿನಗಳಲ್ಲಿ ಆಲ್ಪ್ಸ್ ಪರ್ವತಗಳು ಎದುರಾದವು. ಸೀಸರ್ ಮನೆಗೆ ಹೋದ.

ವೇಷಗಳ ಕಥೆಯೇ ಒಂದು ಅಧ್ಯಾಯ. 1997ರ ಟೂರ್‌ನಲ್ಲಿ ಮುಂಚೂಣಿಯ ಹಳದಿ ಅಂಗಿ ಸಿಕ್ಕಿದಾಗ ಚಡ್ಡಿಯನ್ನೂ ಹಳದಿಯಾಗಿಸಿದ. ನಿಯಮ ಮೀರಿದ್ದಕ್ಕೆ ದಂಡ ಬಿತ್ತು. 2001ರ ಜಿರೊದಲ್ಲಿ ಚರ್ಮ ಸುಲಿದ ಮನುಷ್ಯನ ಸ್ನಾಯುಗಳನ್ನೂ ನರಗಳನ್ನೂ ಚಿತ್ರಿಸಿದ ಉಡುಪು ತೊಟ್ಟ. ನಮ್ಮ ವಿಜ್ಞಾನ ಪ್ರಯೋಗಾಲಯದ ಗೋಡೆಯ ಪಟ ಸೈಕಲ್ ಏರಿ ಬಂದಂತೆ! 2002ರಲ್ಲಿ ಹೊಸ ತಂಡಕ್ಕೆ ಜೀಬ್ರಾ ಪಟ್ಟೆ. ದಂಡದ ಹಣ ಸಣ್ಣದು, ಅದರಿಂದ ಪ್ರಾಯೋಜಕರಿಗೆ ಸಿಗುತ್ತಿದ್ದ ಪ್ರಚಾರ ದೊಡ್ಡದು. ಇದನ್ನು ಬರೀ ಹುಚ್ಚಾಟ ಎಂದು ತಳ್ಳಿಹಾಕಿದವರು ಆ ಲೆಕ್ಕವನ್ನು ನೋಡಲಿಲ್ಲ ಎಂದು ನನ್ನ ಅಭಿಪ್ರಾಯ.

ಆದರೆ ಟೂರ್‌ನ ಆಡಳಿತಗಾರರಿಗೆ ಈ ಲೆಕ್ಕ ರುಚಿಸಲಿಲ್ಲ. ಟೂರ್‌ನಲ್ಲಿ 12 ಹಂತಗಳನ್ನು ಗೆದ್ದವನು ಒಮ್ಮೆಯೂ ಕೊನೆಯವರೆಗೆ ಉಳಿದು ಪ್ಯಾರಿಸ್ ತಲುಪಿರಲಿಲ್ಲ. ಬೇರೆಯವರು ಬೆಟ್ಟಗಳಲ್ಲಿ ಬೆವರು ಸುರಿಸುವಾಗ ಆತ ಸಮುದ್ರತೀರದಲ್ಲಿ ಬಿಸಿಲು ಕಾಯಿಸುತ್ತಾನೆ ಎಂಬ ಕುಹಕ ಎಲ್ಲೆಡೆ ಹಬ್ಬಿತ್ತು. 2001ರಿಂದ 2003ರವರೆಗೆ ಅವನ ತಂಡಕ್ಕೆ ಆಹ್ವಾನವೇ ಬರಲಿಲ್ಲ. 2002ರ ಜುಲೈಯಲ್ಲಿ ಬೇಸತ್ತು ನಿವೃತ್ತಿಯಾಗುತ್ತೇನೆ ಎಂದ. ಅದು ಅವನ ಮೊದಲ 'ನಿವೃತ್ತಿ'. ಕೆಲವೇ ವಾರಗಳಲ್ಲಿ ಮಾತು ಹಿಂತೆಗೆದುಕೊಂಡ.

ಹಿಂತೆಗೆದುಕೊಂಡದ್ದು ಒಳ್ಳೆಯದೇ ಆಯಿತು. ಆ ವರ್ಷ 35 ತುಂಬಿದ ಬೆನ್ನಿಗೇ ಮಿಲಾನ್–ಸಾನ್ ರೆಮೊ ಓಟವನ್ನು ಆತ ಮೊದಲ ಬಾರಿಗೆ ಗೆದ್ದಿದ್ದ. ಜಿರೊದಲ್ಲಿ ಆರು ಹಂತಗಳು ಬಂದಿದ್ದವು. ಅಕ್ಟೋಬರ್ 13ರಂದು ಬೆಲ್ಜಿಯಮ್ಮಿನ ಜೋಲ್ಡರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಅದು ಮೋಟಾರು ಕಾರುಗಳ ಪಂದ್ಯದ ಸಮತಟ್ಟಾದ ರಸ್ತೆ. ಇಟಲಿಯ ತರಬೇತುದಾರ ಬಲ್ಲೆರೀನಿ ಇಡೀ ತಂಡವನ್ನು ಒಬ್ಬನ ಸೇವೆಗೆ ನಿಲ್ಲಿಸಿದ. ಕೊನೆಗೆ ಲೊಂಬಾರ್ಡಿ ಮತ್ತು ಪೆಟಾಕ್ಕಿ ದಾರಿ ಮಾಡಿಕೊಟ್ಟರು. ಚಿಪೊಲ್ಲೀನಿ ಆಸ್ಟ್ರೇಲಿಯಾದ ಮೆಕ್‌ಯೂವೆನ್ ಮತ್ತು ಜರ್ಮನಿಯ ಜಾಬೆಲ್‌ನನ್ನು ಹಿಂದಿಕ್ಕಿ ಕಾಮನಬಿಲ್ಲಿನ ಪಟ್ಟೆಗಳ ವಿಶ್ವ ಚಾಂಪಿಯನ್ ಅಂಗಿ ಧರಿಸಿದ.

ಇನ್ನು ಉಳಿದದ್ದು ಒಂದು ಹಳೆಯ ಲೆಕ್ಕ. ಜಿರೊದಲ್ಲಿ ಅತಿ ಹೆಚ್ಚು ಹಂತಗಳನ್ನು ಗೆದ್ದವನು ಆಲ್ಫ್ರೆಡೊ ಬಿಂಡಾ: 1925ರಿಂದ 1933ರ ನಡುವೆ 41. 1927ರಲ್ಲಿ 15 ಹಂತಗಳಲ್ಲಿ 12ನ್ನು ಆತನೊಬ್ಬನೇ ಗೆದ್ದಿದ್ದ. ಪಂದ್ಯ ನೀರಸವಾಗುತ್ತದೆಂದು ಹೆದರಿದ ಸಂಘಟಕರು 1930ರಲ್ಲಿ 22,500 ಲೀರಾ ಕೊಟ್ಟು, ದಯವಿಟ್ಟು ಬರಬೇಡ ಎಂದು ಅವನನ್ನು ಮನೆಯಲ್ಲಿ ಕೂರಿಸಿದ್ದರು. ಗೆಲ್ಲಬಾರದೆಂದು ಸಂಬಳ! ಬಿಂಡಾ ಬೆಟ್ಟಗಳಲ್ಲೂ ಗೆಲ್ಲುತ್ತಿದ್ದ, ಜಿರೊವನ್ನೇ ಐದು ಬಾರಿ ಗೆದ್ದವನು. ಆದ್ದರಿಂದ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಇಬ್ಬರನ್ನೂ ತೂಗುವುದು ನ್ಯಾಯವಲ್ಲ. ಆದರೂ ಇಟಲಿ ಎಪ್ಪತ್ತು ವರ್ಷ ಆ 41ರ ಕಡೆ ನೋಡುತ್ತಿತ್ತು.

2003ರ ಮೇ. ಮೊದಲ ಹಂತದಲ್ಲೇ, ಲೆಚ್ಚೆ ಪಟ್ಟಣದಲ್ಲಿ, ವಿಶ್ವ ಚಾಂಪಿಯನ್ನನನ್ನು ಸೋಲಿಸಿದವನು ಏಳು ತಿಂಗಳ ಹಿಂದೆ ಅವನಿಗೆ ದಾರಿ ಮಾಡಿಕೊಟ್ಟಿದ್ದ ಅದೇ ಪೆಟಾಕ್ಕಿ. ಒಂದು ವಾರ ಗೆಲುವಿಲ್ಲ. ಎಂಟನೆಯ ಹಂತದಲ್ಲಿ, ಆರೆಟ್ಸೊದಲ್ಲಿ, ಚಿಪೊಲ್ಲೀನಿ ಗೆದ್ದು 41ಕ್ಕೆ ಮುಟ್ಟಿದ. ಮರುದಿನ ತನ್ನ ಊರಿಗೆ ಹತ್ತಿರದ ಮೊಂಟೆಕಟೀನಿಯಲ್ಲಿ 42. ಎರಡು ದಿನ ಕಳೆದು ಸಾನ್ ಡೊನಾದಲ್ಲಿ, ಗುರಿ ಇನ್ನೇನು ಬಂತು ಎನ್ನುವಾಗ ಬಿದ್ದ. ಕಾಮನಬಿಲ್ಲಿನ ಅಂಗಿಯಲ್ಲಿ ಅವನ ಜಿರೊ ಅಲ್ಲಿಗೆ ಮುಗಿಯಿತು. ಅದರ ನಂತರ ಜಿರೊದಲ್ಲಿ ಆತ ಮತ್ತೆ ಗೆಲ್ಲಲಿಲ್ಲ. 2004ರಲ್ಲಿ ಪೆಟಾಕ್ಕಿ ಒಂದೇ ಜಿರೊದಲ್ಲಿ ಒಂಬತ್ತು ಹಂತಗಳನ್ನು ಬಾಚಿಕೊಂಡ. ಸ್ಪ್ರಿಂಟರನಿಗೆ ವಯಸ್ಸಾಗುವುದು ಕಾಲಿನಲ್ಲಿ ಮಾತ್ರವಲ್ಲ; ನೂರು ಮಂದಿಯ ಮಧ್ಯೆ ಇಷ್ಟಗಲದ ಸಂದಿಯಲ್ಲಿ ಕಣ್ಣುಮುಚ್ಚಿ ನುಗ್ಗುವ ಎದೆಗಾರಿಕೆಯೂ ಕರಗುತ್ತದೆ.

ಹೀಗೆ 2005ರ ಆ ಗುಲಾಬಿ ಉಡುಪು. ಮುಂದೆ 2008ರಲ್ಲಿ, 40 ದಾಟಿದ ಮೇಲೆ, ಅಮೆರಿಕದ ಒಂದು ತಂಡ ಸೇರಿ ಕ್ಯಾಲಿಫೋರ್ನಿಯಾ ಪಂದ್ಯದ ಒಂದು ಹಂತದಲ್ಲಿ ಮೂರನೆಯವನಾದ. ಸ್ವಲ್ಪ ದಿನಗಳಲ್ಲೇ ಮತ್ತೆ ಬಿಟ್ಟ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು, ಆದರೆ ಇತಿಹಾಸ ಹಾಗೆ ನಿಲ್ಲುವುದಿಲ್ಲ. 2013ರ ಜುಲೈಯಲ್ಲಿ ಫ್ರಾನ್ಸಿನ ಸೆನೆಟ್ ಸಮಿತಿ ಒಂದು ವರದಿ ಪ್ರಕಟಿಸಿತು. 1998ರ ಟೂರ್‌ನಲ್ಲಿ ಸಂಗ್ರಹಿಸಿ ಶೀತಲದಲ್ಲಿ ಇಟ್ಟಿದ್ದ ಮೂತ್ರದ ಮಾದರಿಗಳನ್ನು, ಪತ್ತೆಯ ವಿಧಾನ ಬಂದ ಬಳಿಕ, 2004ರಲ್ಲಿ ಸಂಶೋಧನೆಗಾಗಿ ಪರೀಕ್ಷಿಸಲಾಗಿತ್ತು. ರಕ್ತದಲ್ಲಿ ಕೆಂಪು ಕಣಗಳನ್ನು ಹೆಚ್ಚಿಸುವ ಇ.ಪಿ.ಓ. ಎಂಬ ನಿಷಿದ್ಧ ಔಷಧ ಕಂಡುಬಂದವರ ಪಟ್ಟಿಯಲ್ಲಿ ಆ ವರ್ಷದ ವಿಜೇತ ಪಂಟಾನಿ ಇದ್ದ, ಉಲ್‌ರಿಷ್ ಇದ್ದ, ಜಾಬೆಲ್ ಇದ್ದ. ಚಿಪೊಲ್ಲೀನಿಯ ಹೆಸರೂ ಇತ್ತು. ಮರುಪರಿಶೀಲನೆಗೆ ಎರಡನೆಯ ಮಾದರಿ ಇಲ್ಲದ ಕಾರಣ ಅದರ ಆಧಾರದ ಮೇಲೆ ಯಾರನ್ನೂ ಶಿಕ್ಷಿಸುವಂತಿರಲಿಲ್ಲ. ಗೆಲುವುಗಳು ದಾಖಲೆ ಪುಸ್ತಕದಲ್ಲಿ ಹಾಗೆಯೇ ಉಳಿದವು.

ಆ 42ರ ಪಟ್ಟಿಯನ್ನು ಈಗ ಓದುವಾಗ ಮನಸ್ಸು ಹಿಂದಿನಷ್ಟು ಹಗುರವಾಗಿರುವುದಿಲ್ಲ. ಅದರಲ್ಲಿ 1998ರ ಗೆಲುವುಗಳು ನಾಲ್ಕು. ಅವು ಮೇ ತಿಂಗಳ ಇಟಲಿಯವು. ಸಿಕ್ಕಿದ ಮಾದರಿ ಜುಲೈಯ ಫ್ರಾನ್ಸಿನದು. ಮೇ ತಿಂಗಳ ಮಾದರಿಗಳನ್ನು ಯಾರೂ ಶೀತಲದಿಂದ ಹೊರತೆಗೆದು ನೋಡಿದವರಿಲ್ಲ.