ಬೇಲಿಯಾಚೆಯ ನೆಲ

ಈ ಕಥೆ ಬೆದರಿದ ಕೋಳಿಗಳಿಂದ ಶುರುವಾಗುತ್ತದೆ. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೊ ಬಳಿ ಕಾಸ್ಬಿ ದಂಪತಿಗೆ ಮೂರೆಕರೆಗೂ ಕಡಿಮೆ ಜಮೀನು, ಅದರಲ್ಲೊಂದು ಕೋಳಿ ಫಾರಂ. ಎರಡನೇ ಮಹಾಯುದ್ಧದಲ್ಲಿ ಸೇನೆ ಪಕ್ಕದ ವಿಮಾನ ನಿಲ್ದಾಣವನ್ನು ಗುತ್ತಿಗೆಗೆ ಪಡೆಯಿತು. ಬಾಂಬರ್‌ಗಳು ಜಮೀನಿನ ಮೇಲೆ 83 ಅಡಿ ಎತ್ತರದಲ್ಲಿ ಹಾರತೊಡಗಿದವು. ಹೆದರಿ ಗೋಡೆಗೆ ಬಡಿದುಕೊಂಡು ಸತ್ತ ಕೋಳಿಗಳೇ ಸುಮಾರು 150. ಫಾರಂ ಮುಚ್ಚಿತು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸರ್ಕಾರ ಜಮೀನಿನ ಹಕ್ಕನ್ನೇ ಕಸಿದಂತಾಯಿತು, ಪರಿಹಾರ ಕೊಡಲೇಬೇಕು ಎಂದು 1946ರಲ್ಲಿ ತೀರ್ಪು ಬಂತು.

ಆದರೆ ಕೋರ್ಟು ಆದ ನಷ್ಟಕ್ಕೆ ಬೆಲೆ ಕಟ್ಟೀತು; ನಾಳೆ ಅದೇ ಜಾಗದಲ್ಲಿ ಲೇಔಟ್ ಏಳದಂತೆ ತಡೆಯುವವರು ಯಾರು? ನಮ್ಮಲ್ಲಾದರೆ 1903ರ ರಕ್ಷಣಾ ಕಾಮಗಾರಿ ಕಾಯ್ದೆಯಡಿ ಕೇಂದ್ರವೇ ಸುತ್ತಲಿನ ಕಟ್ಟಡಗಳನ್ನು ನಿರ್ಬಂಧಿಸಬಹುದು. ಅಮೆರಿಕದಲ್ಲಿ ಝೋನಿಂಗ್, ಅಂದರೆ ಎಲ್ಲಿ ಏನು ಕಟ್ಟಬಹುದೆಂದು ಗೊತ್ತುಮಾಡುವ ಅಧಿಕಾರ ರಾಜ್ಯಗಳದ್ದು, ಅವುಗಳಿಂದ ನಗರ ಮತ್ತು ಕೌಂಟಿಗಳಿಗೆ ಇಳಿದದ್ದು. ಸೇನೆಯ ಮಾತು ನಡೆಯುವುದು ಬೇಲಿಯವರೆಗೆ.

1973ರಲ್ಲಿ ರಕ್ಷಣಾ ಇಲಾಖೆ ನಕ್ಷೆಗಳ ಮೊರೆಹೊಕ್ಕಿತು. ರನ್‌ವೇ ತುದಿಯಿಂದ 3,000 ಅಡಿ ಪೂರ್ತಿ ಖಾಲಿ ಇರಬೇಕು. ಅದರಾಚೆ 5,000 ಅಡಿ, ಮತ್ತೆ 7,000 ಅಡಿ ಅಪಘಾತ ಸಂಭವದ ವಲಯಗಳು. ಜೊತೆಗೆ ಸದ್ದಿನ ರೇಖೆಗಳು: ಸರಾಸರಿ 65 ಡೆಸಿಬೆಲ್ ದಾಟಿದ ಕಡೆ ವಾಸದ ಮನೆ ಬೇಡ. ರಾತ್ರಿಯ ಹಾರಾಟಕ್ಕೆ 10 ಡೆಸಿಬೆಲ್ ಹೆಚ್ಚಿಗೆ ಸೇರಿಸಿ ಲೆಕ್ಕ. (ಸರಾಸರಿಯನ್ನು ಕೇಳಿಸಿಕೊಂಡ ಕಿವಿ ಎಲ್ಲಾದರೂ ಉಂಟೇ?) ಇದೆಲ್ಲ ಬರೀ ಸಲಹೆ. ಮನೆ ತೆರಿಗೆಯನ್ನೇ ನೆಚ್ಚಿದ ಕೌಂಟಿಗೆ ಖಾಲಿ ನೆಲ ರುಚಿಸುವುದು ಕಷ್ಟ. ಟೆಕ್ಸಸ್‌ನ ಬಹುತೇಕ ಕೌಂಟಿಗಳಿಗಂತೂ ಝೋನಿಂಗ್ ಮಾಡುವ ಅಧಿಕಾರವೇ ಇಲ್ಲ.

1985ರಿಂದ ಕೇಂದ್ರದ ಹಣದಲ್ಲಿ ಸೇನೆ ಮತ್ತು ಸ್ಥಳೀಯರು ಕೂಡಿ ಮಾಡುವ ಜಂಟಿ ಅಧ್ಯಯನಗಳು ಬಂದವು. 2002ರಲ್ಲಿ ಕ್ಯಾಲಿಫೋರ್ನಿಯಾ, 2004ರಲ್ಲಿ ವಾಷಿಂಗ್ಟನ್ ರಾಜ್ಯ, ಸೇನಾ ನೆಲೆಗಳನ್ನು ಗಮನದಲ್ಲಿಟ್ಟೇ ಯೋಜನೆ ಮಾಡಬೇಕೆಂದು ಕಾನೂನು ತಂದವು.

ನಿಜವಾದ ತಿರುವು ಕೊಟ್ಟದ್ದು ಮಾತ್ರ ಒಂದು ಮರಕುಟಿಗ. ನಾರ್ತ್ ಕ್ಯಾರೊಲಿನಾದ ಸೇನಾ ನೆಲೆ ಫೋರ್ಟ್ ಬ್ರ್ಯಾಗ್ ಸುತ್ತಲಿನ ಲಾಂಗ್‌ಲೀಫ್ ಪೈನ್ ಕಾಡು ಕರಗುತ್ತ ಬಂದಂತೆ, ಹಸಿ ಮರದಲ್ಲೇ ಗೂಡು ಕೊರೆಯುವ ಈ ಅಪರೂಪದ ಹಕ್ಕಿಗೆ ತರಬೇತಿ ಮೈದಾನವೇ ಆಸರೆಯಾಯಿತು. ಅಳಿವಿನಂಚಿನ ಜೀವಿಗಳ ಕಾಯ್ದೆ ಎದುರಾಗಿ, 1990ರ ಸುಮಾರಿಗೆ ಸೈನಿಕರ ತರಬೇತಿಗೇ ಕಡಿವಾಣ ಬಿತ್ತು. 1995ರಲ್ಲಿ ಸೇನೆ ‘ನೇಚರ್ ಕನ್ಸರ್ವೆನ್ಸಿ’ ಸಂಸ್ಥೆಯ ಜೊತೆ ಕೈಜೋಡಿಸಿ ಬೇಲಿಯಾಚೆಯ ಕಾಡನ್ನು ಉಳಿಸಲು ಹಣ ಹಾಕಿತು. 2003ನೇ ಹಣಕಾಸು ವರ್ಷದ ರಕ್ಷಣಾ ಕಾಯ್ದೆ ಇದನ್ನೇ ದೇಶದ ನೀತಿಯಾಗಿಸಿತು. ಮಾರಲು ಒಪ್ಪಿದವರಿಂದ ಜಮೀನನ್ನಾಗಲಿ, ಕಟ್ಟಡ ಕಟ್ಟುವ ಹಕ್ಕನ್ನಷ್ಟೇ ಆಗಲಿ ಕೊಳ್ಳಬಹುದು. ರೈತ ಉಳುಮೆ ಮುಂದುವರಿಸಬಹುದು. ಐವತ್ತು ವರ್ಷಗಳ ಈ ಪ್ರಯತ್ನದಲ್ಲಿ ನನಗೆ ಎಲ್ಲಕ್ಕಿಂತ ಪ್ರಾಮಾಣಿಕವಾಗಿ ಕಾಣುವುದು ಇದೇ: ನೆಲ ಬೇಕಾದವರು ದುಡ್ಡು ಕೊಡುತ್ತಾರೆ.

ತಡಮಾಡಿದರೆ ಏನಾಗುತ್ತದೆಂದು ವರ್ಜೀನಿಯಾ ಬೀಚ್ ನಗರ ತೋರಿಸಿತು. 1940ರ ದಶಕದಲ್ಲಿ ಒಶಿಯಾನಾ ನೌಕಾ ವಾಯುನೆಲೆ ಎದ್ದಾಗ ಸುತ್ತ ಪ್ರಿನ್ಸೆಸ್ ಆ್ಯನ್ ಕೌಂಟಿಯ ಹೊಲಗದ್ದೆ. 1963ರಲ್ಲಿ ಕೌಂಟಿ ನಗರದೊಳಗೆ ಸೇರಿಹೋಯಿತು, ಮನೆಗಳು ರನ್‌ವೇ ದಾರಿಗೇ ಬಂದವು. ಅಪಘಾತ ವಲಯದಲ್ಲಿರುವ, ಅಲ್ಲಿಗೆ ಹೊಂದದ ಆಸ್ತಿಗಳನ್ನು ಸ್ವಾಧೀನಪಡಿಸಿಕೊಳ್ಳಿ, ಇಲ್ಲವಾದರೆ ಜೆಟ್‌ಗಳು ಫ್ಲಾರಿಡಾಕ್ಕೆ ಎಂದು 2005ರಲ್ಲಿ ನೆಲೆಗಳ ಮರುಹೊಂದಾಣಿಕೆ ಆಯೋಗ ಪಟ್ಟುಹಿಡಿಯಿತು. ನಗರ ಜನರನ್ನು ಎಬ್ಬಿಸಲಿಲ್ಲ. ಝೋನಿಂಗ್ ಬಿಗಿಗೊಳಿಸಿತು, ಮಾರಲು ಒಪ್ಪಿದವರಿಂದ ಕೊಳ್ಳತೊಡಗಿತು. ಜೆಟ್‌ಗಳು ಉಳಿದವು. ಈಗ ಅಲ್ಲಿ ಮನೆ ಮಾರುವವರು ಅದು ಯಾವ ಸದ್ದಿನ ವಲಯದಲ್ಲಿದೆ, ಯಾವ ಅಪಘಾತ ವಲಯದಲ್ಲಿದೆ ಎಂದು ಬರೆದುಕೊಡಬೇಕು. ಮನೆ ನೋಡಲು ಬಂದ ದಿನ ಆಕಾಶ ಸುಮ್ಮನಿದ್ದಿರಬಹುದಲ್ಲ.